ಯುದ್ಧಕಾಲದ ಸುದ್ದಿ: ಯಾವ ಮೂಲವನ್ನು ಯಾವ ಮಾತಿಗೆ ನಂಬಬೇಕು

ಯುದ್ಧ ನಡೆಯುತ್ತಿರುವಾಗ ಯಾವ ಪಕ್ಷಕ್ಕೂ ಸೇರದ ಸುದ್ದಿಮೂಲವನ್ನು ಹುಡುಕಲು ಹೊರಟವರಿಗೆ ಕೈಗೆ ಸಿಗುವುದು ಬಹಳ ಕಡಿಮೆ. ರಣರಂಗದ ಹತ್ತಿರ ಇರುವವರು ಬಹುಪಾಲು ಒಂದಲ್ಲ ಒಂದು ಕಡೆಯವರೇ ಆಗಿರುತ್ತಾರೆ. ದೂರದಲ್ಲಿ ಕುಳಿತ ತಟಸ್ಥರ ಬಳಿ ಕಣ್ಣಾರೆ ಕಂಡ ಸಂಗತಿ ಇರುವುದಿಲ್ಲ. ಆದ್ದರಿಂದ ಪಕ್ಷಪಾತಿ ಮೂಲಗಳನ್ನು ಪೂರ್ತಿ ಬದಿಗಿಟ್ಟು ಸುದ್ದಿ ತಿಳಿಯುವುದು ಸಾಧ್ಯವಿಲ್ಲ. ಒಂದೊಂದು ಮೂಲವೂ ಯಾವ ಬಗೆಯ ಮಾತಿನಲ್ಲಿ ನಂಬಿಕೆಗೆ ಅರ್ಹವಾಗಿದೆ, ಯಾವ ಬಗೆಯ ಮಾತಿನಲ್ಲಿ ಅದರ ಪಕ್ಷ ಅಡ್ಡ ಬರುತ್ತದೆ ಎಂದು ವಿಂಗಡಿಸಿಕೊಳ್ಳಬೇಕು. ಈ ಬರಹದ ಹೋಲಿಕೆ ಆ ವಿಂಗಡಣೆಗಾಗಿ.

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದ ಓದುಗರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವರು. ಅವರ ಪಾರ್ಥಿವ ಶರೀರ ಊರಿಗೆ ಬಂದದ್ದು ಮಾರ್ಚ್ 21ರಂದು. ಈ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಮಕ್ಕಳು ಸೇನೆಯಲ್ಲಿದ್ದಾರೆ, 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ವೇಳೆ ಆ ಮನೆಗಳವರು ಟಿ.ವಿ. ಮುಂದೆ ಕಳೆದ ರಾತ್ರಿಗಳು ಸಾಮಾನ್ಯವಾದವಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗಂತೂ ಯುದ್ಧದ ಸುದ್ದಿ ಪಠ್ಯದ ಭಾಗವೇ ಆಗಿದೆ. ವಿದೇಶದಲ್ಲಿ ಮಕ್ಕಳಿರುವ ತಂದೆತಾಯಿ, ಯೋಧನ ಕುಟುಂಬ, ಅಭ್ಯರ್ಥಿ ಈ ಮೂವರ ಅಗತ್ಯಗಳು ಬೇರೆ ಬೇರೆ. ಆದ್ದರಿಂದ ಮೂವರಿಗೂ ಒಂದೇ ವಾಹಿನಿಯ ಹೆಸರು ಹೇಳಿ ಮುಗಿಸುವಂತಿಲ್ಲ.

ಸೇನೆ ಮತ್ತು ಸರ್ಕಾರದ ಹೇಳಿಕೆಗಳು

ಹೋರಾಡುತ್ತಿರುವ ಸರ್ಕಾರದ ವಕ್ತಾರರು ಎಲ್ಲರಿಗಿಂತ ಹೆಚ್ಚು ತಿಳಿದವರು, ಎಲ್ಲರಿಗಿಂತ ಹೆಚ್ಚು ಮುಚ್ಚಿಡಲು ಕಾರಣವಿರುವವರು. ಅವರ ಹೇಳಿಕೆಯನ್ನು ಒಂದೇ ಮುದ್ದೆಯಾಗಿ ನಂಬುವುದೂ ತಳ್ಳಿಹಾಕುವುದೂ ತಪ್ಪು. ಅದರಲ್ಲಿ ಮೂರು ಬಗೆಯ ಮಾತುಗಳಿರುತ್ತವೆ: ಶತ್ರುವಿಗೆ ಆದ ಹಾನಿ, ತಮಗೆ ಆದ ಹಾನಿ, ಮತ್ತು ತಮ್ಮ ಕ್ರಮದ ದಿನ, ಸ್ಥಳ, ಉದ್ದೇಶ. ಮೊದಲನೆಯದನ್ನು ಗರಿಷ್ಠ ಮಿತಿಯೆಂದೂ, ಎರಡನೆಯದನ್ನು ಕನಿಷ್ಠ ಮಿತಿಯೆಂದೂ, ಮೂರನೆಯದನ್ನು ಸಾಮಾನ್ಯವಾಗಿ ನಂಬಬಹುದಾದದ್ದೆಂದೂ ಇಟ್ಟುಕೊಂಡು ಓದಿದರೆ ಬಹಳಷ್ಟು ಗೊಂದಲ ಕಡಿಮೆಯಾಗುತ್ತದೆ.

ಗಾಲ್ವಾನ್ ಕಣಿವೆಯ ಘರ್ಷಣೆಯನ್ನು ನೋಡಬಹುದು. 2020ರ ಜೂನ್ 15ರ ರಾತ್ರಿ ನಡೆದ ಕಾದಾಟದಲ್ಲಿ 20 ಯೋಧರು ಹುತಾತ್ಮರಾದುದನ್ನು ಭಾರತ ಮರುದಿನವೇ ತಿಳಿಸಿತು. ಚೀನಾ ತನ್ನ ಕಡೆಯ ನಾಲ್ವರ ಸಾವನ್ನು ಒಪ್ಪಿಕೊಂಡದ್ದು 2021ರ ಫೆಬ್ರುವರಿಯಲ್ಲಿ, ಎಂಟು ತಿಂಗಳ ನಂತರ. ನಾಲ್ವರು ಸತ್ತದ್ದು ಖಚಿತ, ಅದಕ್ಕಿಂತ ಹೆಚ್ಚು ಜನ ಸತ್ತಿರಬಹುದು ಎಂದು ಮಾತ್ರ ಅದರಿಂದ ತಿಳಿಯಬೇಕು. ತನ್ನ ನಷ್ಟವನ್ನು ಬೇಗ ಹೇಳುವ ಸರ್ಕಾರದ ಉಳಿದ ಮಾತುಗಳಿಗೂ ತುಸು ಹೆಚ್ಚಿನ ತೂಕ ಕೊಡಬಹುದು.

2025ರ ಮೇ ತಿಂಗಳ ಸಂಘರ್ಷ ಇದಕ್ಕಿಂತ ತೊಡಕಿನದು. ಮೇ 7ರಂದು ಭಾರತ ‘ಆಪರೇಷನ್ ಸಿಂಧೂರ’ದಲ್ಲಿ ಒಂಬತ್ತು ನೆಲೆಗಳ ಮೇಲೆ ದಾಳಿ ಮಾಡಿದ್ದಾಗಿ ಪ್ರಕಟಿಸಿತು, ದಾಳಿ ನಡೆದದ್ದನ್ನು ಪಾಕಿಸ್ತಾನವೂ ಅಲ್ಲಗಳೆಯಲಿಲ್ಲ, ಆದ್ದರಿಂದ ದಾಳಿ ನಡೆದದ್ದರಲ್ಲಿ ವಿವಾದ ಉಳಿಯಲಿಲ್ಲ. ಭಾರತದ ಯುದ್ಧವಿಮಾನಗಳನ್ನು ಹೊಡೆದುರುಳಿಸಿದೆವೆಂದು ಪಾಕಿಸ್ತಾನ ಹೇಳಿದಾಗ, ಅದರ ರಕ್ಷಣಾ ಸಚಿವರನ್ನು ಸಿಎನ್ಎನ್ ವಾಹಿನಿ ಪುರಾವೆ ಕೇಳಿತು. ಅವರು ಭಾರತದ ಸಾಮಾಜಿಕ ಜಾಲತಾಣಗಳಲ್ಲಿಯೇ ಅದು ಹರಿದಾಡುತ್ತಿದೆ ಎಂದು ಉತ್ತರಿಸಿದರು. ಒಂದು ದೇಶದ ರಕ್ಷಣಾ ಸಚಿವರಿಗೆ ಜಾಲತಾಣವೇ ಪುರಾವೆಯಾದರೆ ಆ ಸಂಖ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಭಾರತಕ್ಕೆ ಏನೂ ನಷ್ಟವಾಗಿಲ್ಲ ಎಂಬ ತೀರ್ಮಾನಕ್ಕೆ ಹಾರಿದ್ದರೆ ಅದೂ ತಪ್ಪಾಗುತ್ತಿತ್ತು. ಮೇ 11ರ ಪತ್ರಿಕಾಗೋಷ್ಠಿಯಲ್ಲಿ ಏರ್ ಮಾರ್ಷಲ್ ಎ.ಕೆ. ಭಾರ್ತಿ ಅವರು ನಷ್ಟವೆನ್ನುವುದು ಯುದ್ಧದ ಭಾಗವೆಂದೂ, ಪೈಲಟ್‌ಗಳೆಲ್ಲರೂ ಮರಳಿದ್ದಾರೆಂದೂ ಹೇಳಿದ್ದರು. ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ಸಂಖ್ಯೆ ಹೇಳದೆ ವಿಮಾನ ನಷ್ಟವನ್ನು ಒಪ್ಪಿ, ಆರು ವಿಮಾನಗಳೆಂಬ ಪಾಕಿಸ್ತಾನದ ಮಾತನ್ನು ತಳ್ಳಿಹಾಕಿದರು. ಗಮನವಿಟ್ಟು ಓದಿದವರಿಗೆ ಮೇ 11ರಂದೇ ಅರ್ಧ ಉತ್ತರ ಸಿಕ್ಕಿತ್ತು, ಏಕೆಂದರೆ ವಕ್ತಾರರು ‘ನಷ್ಟವಿಲ್ಲ’ ಎಂದು ಎಲ್ಲಿಯೂ ಹೇಳಿರಲಿಲ್ಲ. ವೃತ್ತಿಪರ ಸೈನ್ಯಾಧಿಕಾರಿಗಳು ನೇರ ಸುಳ್ಳಿಗಿಂತ ಮೌನವನ್ನು ಆರಿಸಿಕೊಳ್ಳುವುದೇ ಹೆಚ್ಚು. ಆದ್ದರಿಂದ ಅವರು ಯಾವ ಪ್ರಶ್ನೆಯನ್ನು ದಾಟಿ ಮುಂದೆ ಹೋದರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಅದೇ ವರ್ಷ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಪಾಕಿಸ್ತಾನದ ಐದು ಯುದ್ಧವಿಮಾನಗಳನ್ನೂ ಒಂದು ದೊಡ್ಡ ವಿಮಾನವನ್ನೂ ಹೊಡೆದುರುಳಿಸಿದ್ದಾಗಿ ತಿಳಿಸಿದರು, ಪಾಕಿಸ್ತಾನ ಅದನ್ನು ನಿರಾಕರಿಸಿತು. ಶತ್ರುವಿನ ಹಾನಿಯ ಕುರಿತ ಹೇಳಿಕೆಗೆ ನಾವು ಹಾಕುವ ಅಳತೆಗೋಲು ನಮ್ಮವರ ಹೇಳಿಕೆಗೂ ಅನ್ವಯವಾಗಬೇಕು. ದೇಶಪ್ರೇಮಕ್ಕೂ ಈ ಎಚ್ಚರಕ್ಕೂ ವಿರೋಧವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಒಂದೇ ಸರ್ಕಾರ ಒಂದು ವಿಷಯದಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತೀರಾ ತಪ್ಪಾಗಿಯೂ ಇರಬಹುದೆಂಬುದಕ್ಕೆ ಶ್ರೀಲಂಕಾದ ಕೊನೆಯ ಯುದ್ಧ ಉತ್ತಮ ಪಾಠ. 2009ರ ಮೇ ತಿಂಗಳಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಸತ್ತನೆಂದು ಅಲ್ಲಿನ ಸರ್ಕಾರ ಪ್ರಕಟಿಸಿದಾಗ ಎಲ್‌ಟಿಟಿಇ ಪರವಾಗಿದ್ದವರು ಮೊದಲು ಅದನ್ನು ಅಲ್ಲಗಳೆದರು. ಮೇ 24ರಂದು ಸಂಘಟನೆಯ ಸೆಲ್ವರಾಸ ಪದ್ಮನಾಥನ್ ಅವರೇ ಸಾವನ್ನು ಒಪ್ಪಿಕೊಂಡರು. ಆ ವಿಷಯದಲ್ಲಿ ಸರ್ಕಾರದ ಮಾತು ನಿಜವಾಗಿತ್ತು. ಆದರೆ ನಾಗರಿಕರ ಸಾವಾಗದಂತೆ ಯುದ್ಧ ನಡೆಸಿದೆವೆಂಬ ಅದೇ ಸರ್ಕಾರದ ಮಾತು ನಿಲ್ಲಲಿಲ್ಲ: ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿ, 40,000 ನಾಗರಿಕರು ಸತ್ತಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂದಿತು. ಒಮ್ಮೆ ನಿಜ ಹೇಳಿದವರೆಂದು ಎಲ್ಲ ಮಾತಿಗೂ ಮುದ್ರೆ ಒತ್ತಿಕೊಡುವಂತಿಲ್ಲ.

ಇಬ್ಬರು ವಿರೋಧಿಗಳು ಒಪ್ಪುವ ಜಾಗ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವಾಂಶ, ದರಗಳ ಬಗ್ಗೆ ಬೆಳೆಗಾರನೂ ಖರೀದಿದಾರನೂ ಎಷ್ಟೇ ಜಗ್ಗಾಡಿದರೂ ಚೀಲದ ತೂಕವನ್ನು ಇಬ್ಬರೂ ಒಪ್ಪಿದರೆ ಅದು ಲೆಕ್ಕಕ್ಕೆ ಬರುತ್ತದೆ. ಯುದ್ಧದ ಸುದ್ದಿಯಲ್ಲಿಯೂ ಎರಡೂ ಕಡೆಯವರ ಮಾತು ಕೂಡುವ ಭಾಗವನ್ನು ಮೊದಲು ಗುರುತಿಸಬೇಕು. 2022ರ ಏಪ್ರಿಲ್ 14ರಂದು ರಷ್ಯಾದ ‘ಮಾಸ್ಕ್ವಾ’ ಯುದ್ಧನೌಕೆ ಕಪ್ಪು ಸಮುದ್ರದಲ್ಲಿ ಮುಳುಗಿತು. ತನ್ನ ನೆಪ್ಚೂನ್ ಕ್ಷಿಪಣಿಗಳು ಅದನ್ನು ಹೊಡೆದವೆಂದು ಉಕ್ರೇನ್ ಹೇಳಿತು. ಬೆಂಕಿ ಬಿದ್ದು ಮದ್ದುಗುಂಡು ಸ್ಫೋಟಿಸಿತು, ಎಳೆದೊಯ್ಯುವಾಗ ಬಿರುಗಾಳಿಗೆ ಮುಳುಗಿತು ಎಂದು ರಷ್ಯಾ ಹೇಳಿತು. ನೌಕೆ ಮುಳುಗಿದ್ದು ಮೊದಲ ದಿನವೇ ಖಚಿತವಾಯಿತು, ಕಾರಣ ಮಾತ್ರ ಪರಿಶೀಲನೆಗೆ ಉಳಿಯಿತು. ಇದಕ್ಕಾಗಿ ಎದುರಾಳಿಯ ಮಾಧ್ಯಮವನ್ನೂ ಓದಲೇಬೇಕಾಗುತ್ತದೆ. ಅವರ ದೇಶದೊಳಗಿನ ಪತ್ರಿಕೆಗಳು ತಮ್ಮವರ ಸಾವು, ನಗರದಲ್ಲಿ ಕರೆಂಟು ಹೋದದ್ದು, ವಿಮಾನ ನಿಲ್ದಾಣ ಮುಚ್ಚಿದ್ದು ಇತ್ಯಾದಿಗಳನ್ನು ವರದಿ ಮಾಡುವಾಗ ತಮ್ಮ ಹಿತಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತಿರುತ್ತವೆ, ಆದ್ದರಿಂದ ಅಂಥ ವರದಿಗೆ ಬೆಲೆ ಹೆಚ್ಚು.

ಮೂರನೆಯವರ ಮಾತು ಇನ್ನೂ ಉಪಯುಕ್ತ, ಅವರ ಜನರೇ ಅಲ್ಲಿ ಸಿಲುಕಿಕೊಂಡಿದ್ದರಂತೂ ವಿಶೇಷವಾಗಿ. ಚಳಗೇರಿಯ ಹುಡುಗ ತೀರಿಕೊಂಡ ಮರುದಿನ, ಅಂದರೆ 2022ರ ಮಾರ್ಚ್ 2ರಂದು, ಖಾರ್ಕಿವ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳನ್ನು ಉಕ್ರೇನ್ ಪಡೆಗಳು ಒತ್ತೆಯಾಳುಗಳಾಗಿ ಇಟ್ಟುಕೊಂಡಿವೆ ಎಂದು ರಷ್ಯಾ ಹೇಳಿತು. ಉಕ್ರೇನ್ ಅದನ್ನು ನಿರಾಕರಿಸಿ, ರಷ್ಯಾದ ದಾಳಿಯಿಂದಲೇ ವಿದ್ಯಾರ್ಥಿಗಳು ಹೊರಬರಲಾಗುತ್ತಿಲ್ಲ ಎಂದಿತು. ಮಾರ್ಚ್ 3ರಂದು ಭಾರತದ ವಿದೇಶಾಂಗ ಸಚಿವಾಲಯ, ಯಾವ ವಿದ್ಯಾರ್ಥಿಯೂ ಒತ್ತೆಯಲ್ಲಿರುವ ವರದಿ ತನಗೆ ಬಂದಿಲ್ಲವೆಂದು ಸ್ಪಷ್ಟಪಡಿಸಿತು. ರಷ್ಯಾವನ್ನಾಗಲಿ ಉಕ್ರೇನನ್ನಾಗಲಿ ಕೆಣಕಲು ಭಾರತಕ್ಕೆ ಆ ದಿನ ಕಾರಣವಿರಲಿಲ್ಲ, ವಿದ್ಯಾರ್ಥಿಗಳೊಂದಿಗೆ ಅದರ ರಾಯಭಾರ ಕಚೇರಿ ನೇರ ಸಂಪರ್ಕದಲ್ಲಿತ್ತು, ಸುಳ್ಳು ಹೇಳಿದ್ದರೆ ಸಾವಿರಾರು ಪಾಲಕರು ಮಕ್ಕಳ ಫೋನ್ ಕರೆಯಿಂದಲೇ ಅದನ್ನು ಕಂಡುಹಿಡಿಯುತ್ತಿದ್ದರು. ತಿಳಿದುಕೊಳ್ಳುವ ದಾರಿ, ತಿರುಚಲು ಕಾರಣವಿಲ್ಲದಿರುವುದು, ಸುಳ್ಳು ಬೇಗ ಬಯಲಾಗುವ ಸ್ಥಿತಿ ಈ ಮೂರೂ ಕೂಡಿದ ಹೇಳಿಕೆ ಸಿಕ್ಕಾಗ ಅದನ್ನು ಉಳಿದೆಲ್ಲಕ್ಕಿಂತ ಮೇಲಿಡಬಹುದು. ಹಾಗೆಂದು ಅದೇ ಸಚಿವಾಲಯದಿಂದ ಎಲ್ಲವನ್ನೂ ನಿರೀಕ್ಷಿಸುವಂತಿಲ್ಲ. ಮಾರ್ಚ್ 1ರ ಅದರ ಪ್ರಕಟಣೆ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ಮೃತಪಟ್ಟರೆಂದಷ್ಟೇ ತಿಳಿಸಿತ್ತು. ಶೆಲ್ ಯಾರದ್ದು ಎಂದು ಹೇಳಿರಲಿಲ್ಲ.

ಸರ್ಕಾರಿ ಹಣದ ಅಂತರರಾಷ್ಟ್ರೀಯ ವಾಹಿನಿಗಳು

ರಷ್ಯಾದ ಆರ್‌ಟಿ, ಕತಾರ್‌ನ ಅಲ್ ಜಜೀರಾ, ಬ್ರಿಟನ್ನಿನ ಬಿಬಿಸಿ ಮೂರನ್ನೂ ‘ವಿದೇಶಿ ಪ್ರಚಾರ’ ಎಂಬ ಒಂದೇ ಬುಟ್ಟಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ, ಆದರೆ ಇವುಗಳ ನಡುವಿನ ಅಂತರ ದೊಡ್ಡದು. ರಷ್ಯಾದಲ್ಲಿ 2022ರ ಮಾರ್ಚ್ 4ರಂದು ಬಂದ ಕಾನೂನು, ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದವರಿಗೆ 15 ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದೆನ್ನುತ್ತದೆ. ಅಂಥ ಕಾನೂನಿನ ಕೆಳಗೆ ಕೆಲಸ ಮಾಡುವ ವಾಹಿನಿ ತನ್ನ ಸೇನೆಯ ತಪ್ಪನ್ನು ಹೊರಗೆಡಹುವ ಸಾಧ್ಯತೆಯೇ ಇಲ್ಲ. ಆರ್‌ಟಿಯನ್ನು ಕ್ರೆಮ್ಲಿನ್‌ನ ನಿಲುವು ಏನೆಂದು ತಿಳಿಯಲು ಮಾತ್ರ ಬಳಸಬಹುದು. ಉಕ್ರೇನಿನ ಪ್ರಮುಖ ವಾಹಿನಿಗಳು ಕೂಡ ಯುದ್ಧ ಆರಂಭವಾದಂದಿನಿಂದ ಒಂದೇ ಸಾಮೂಹಿಕ ಪ್ರಸಾರಕ್ಕೆ ಸೇರಿಕೊಂಡವು ಎಂಬುದನ್ನು ಇಲ್ಲಿ ಮರೆಯಬಾರದು. ‘ಕೀವ್‌ನ ಪ್ರೇತ’ವೆಂಬ ಹೆಸರಿನ ಅಜೇಯ ಪೈಲಟ್‌ನ ಕಥೆ ಕನ್ನಡದಲ್ಲಿಯೂ ಹರಡಿತ್ತು, ಅದು ಜನ ಕಟ್ಟಿಕೊಂಡ ದಂತಕಥೆಯೆಂದು ಉಕ್ರೇನಿನ ವಾಯುಪಡೆಯೇ 2022ರ ಏಪ್ರಿಲ್ ಕೊನೆಯಲ್ಲಿ ಹೇಳಬೇಕಾಯಿತು.

ಅಲ್ ಜಜೀರಾಕ್ಕೆ ಕತಾರ್ ಸರ್ಕಾರದ ಹಣವಿದೆ. ಕತಾರ್‌ನ ಆಂತರಿಕ ವಿಷಯಗಳಿಗೆ ಅದನ್ನು ಅವಲಂಬಿಸಬಾರದು, ಹಮಾಸ್ ಕುರಿತ ವಿಶ್ಲೇಷಣೆಯನ್ನೂ ಎಚ್ಚರದಿಂದ ಕೇಳಬೇಕು. ಆದರೆ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾ ಪ್ರವೇಶಿಸಲು ಇಸ್ರೇಲ್ ಅವಕಾಶ ಕೊಡದಿದ್ದಾಗ ಅಲ್ಲಿನ ಬೀದಿಗಳಿಂದ ನೇರ ದೃಶ್ಯಗಳನ್ನು ಕಳಿಸಿದವರಲ್ಲಿ ಅದರ ವರದಿಗಾರರು ಪ್ರಮುಖರು, ಆ ದೃಶ್ಯಗಳಿಗೆ ಬದಲಿ ಇರಲಿಲ್ಲ. ಬಿಬಿಸಿ ಪರವಾನಗಿ ಶುಲ್ಕದಿಂದ ನಡೆಯುತ್ತದೆ, ಅದರ ವಿಶ್ವಸೇವೆಗೆ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಅನುದಾನವೂ ಇದೆ. ಅದಕ್ಕೂ ತನ್ನದೇ ಒಲವುಗಳಿವೆ. ಅದನ್ನು ಬೇರೆಯಾಗಿ ನಿಲ್ಲಿಸುವುದು ತಪ್ಪನ್ನು ಬಹಿರಂಗವಾಗಿ ಒಪ್ಪುವ ಪದ್ಧತಿ.

2023ರ ಅಕ್ಟೋಬರ್ 17ರ ರಾತ್ರಿ ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ಆದ ಸ್ಫೋಟ ಈ ಎಲ್ಲ ಮೂಲಗಳನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಿತು. ಹಮಾಸ್ ಆಡಳಿತದ ಆರೋಗ್ಯ ಸಚಿವಾಲಯ ಇಸ್ರೇಲ್ ದಾಳಿಯಲ್ಲಿ ಸುಮಾರು 500 ಜನ ಸತ್ತರೆಂದಿತು, ನಂತರ ಅದನ್ನು 471 ಎಂದಿತು. ಗಾಜಾದ ಇನ್ನೊಂದು ಸಶಸ್ತ್ರ ಗುಂಪಾದ ಇಸ್ಲಾಮಿಕ್ ಜಿಹಾದ್ ಹಾರಿಸಿ ಗುರಿ ತಪ್ಪಿದ ರಾಕೆಟ್ಟೇ ಕಾರಣವೆಂದು ಇಸ್ರೇಲ್ ಹೇಳಿತು. ಅಮೆರಿಕದ ಗುಪ್ತಚರ ಅಂದಾಜು ಸತ್ತವರನ್ನು 100ರಿಂದ 300ರ ನಡುವೆ ಇರಿಸಿತು. ತನ್ನ ವರದಿಗಾರ ಕಾರಣದ ಬಗ್ಗೆ ಊಹೆ ಮಾಡಿದ್ದು ಸರಿಯಲ್ಲವೆಂದು ಬಿಬಿಸಿ ಒಪ್ಪಿತು. ನ್ಯೂಯಾರ್ಕ್ ಟೈಮ್ಸ್ ಅಕ್ಟೋಬರ್ 23ರಂದು, ತನ್ನ ಆರಂಭದ ವರದಿ ಹಮಾಸ್ ಹೇಳಿಕೆಯನ್ನು ಅತಿಯಾಗಿ ಅವಲಂಬಿಸಿತ್ತೆಂದು ಸಂಪಾದಕರ ಟಿಪ್ಪಣಿ ಪ್ರಕಟಿಸಿತು. ಇಂಥ ತಿದ್ದುಪಡಿ ಕಂಡಾಗ ‘ನೋಡಿ, ಇವರೂ ಸುಳ್ಳರು’ ಎನ್ನುವವರು ಅಳತೆಯನ್ನು ತಲೆಕೆಳಗು ಮಾಡುತ್ತಿದ್ದಾರೆ. ವರ್ಷಗಟ್ಟಲೆ ಒಂದು ತಿದ್ದುಪಡಿಯನ್ನೂ ಪ್ರಕಟಿಸದ ಮಾಧ್ಯಮವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಅದೇ ಆರೋಗ್ಯ ಸಚಿವಾಲಯದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಹೋಲಿಕೆ ಅನ್ಯಾಯವಾದೀತು. ಒಂದು ಸ್ಫೋಟದ ನಂತರ ಗಂಟೆಯೊಳಗೆ ಅದು ಕೊಟ್ಟ ಸಂಖ್ಯೆ ದುರ್ಬಲವಾಗಿತ್ತು. ಆದರೆ ಅದೇ ತಿಂಗಳ ಕೊನೆಯಲ್ಲಿ ಹೆಸರು, ವಯಸ್ಸು, ಗುರುತಿನ ಸಂಖ್ಯೆಗಳೊಂದಿಗೆ ಅದು ಪ್ರಕಟಿಸಿದ ಮೃತರ ಪಟ್ಟಿ ಬೇರೆಯವರು ಪರಿಶೀಲಿಸಬಹುದಾದ ದಾಖಲೆ. ಹಿಂದಿನ ಯುದ್ಧಗಳಲ್ಲಿ ಅದರ ಒಟ್ಟು ಲೆಕ್ಕ ವಿಶ್ವಸಂಸ್ಥೆಯ ಲೆಕ್ಕಕ್ಕೆ ಸಮೀಪವಾಗಿತ್ತು. ಸತ್ತವರಲ್ಲಿ ಹೋರಾಟಗಾರರೆಷ್ಟು, ನಾಗರಿಕರೆಷ್ಟು ಎಂದು ಮಾತ್ರ ಅದು ಬೇರ್ಪಡಿಸಿ ಹೇಳುವುದಿಲ್ಲ.

ನಮ್ಮ ಸುದ್ದಿವಾಹಿನಿಗಳು

2025ರ ಮೇ 8ರ ರಾತ್ರಿ ದೇಶದ ಹಲವು ವಾಹಿನಿಗಳಲ್ಲಿ ಕರಾಚಿ ಬಂದರು ನಾಶವಾಯಿತು, ಇಸ್ಲಾಮಾಬಾದ್ ನಮ್ಮ ವಶವಾಗುತ್ತಿದೆ, ಪಾಕಿಸ್ತಾನದ ಸೇನಾ ಮುಖ್ಯಸ್ಥರ ಬಂಧನವಾಗಿದೆ ಎಂಬ ಸುದ್ದಿಗಳು ಬಂದವು. ಯಾವುದೂ ನಿಜವಾಗಿರಲಿಲ್ಲ, ಭಾರತ ಸರ್ಕಾರವಾಗಲಿ ಸೇನೆಯಾಗಲಿ ಹಾಗೆ ಹೇಳಿಯೂ ಇರಲಿಲ್ಲ. ವಿಡಿಯೊ ಗೇಮ್ ದೃಶ್ಯಗಳು ಎರಡೂ ದೇಶಗಳಲ್ಲಿ ಯುದ್ಧದ ದೃಶ್ಯಗಳಾಗಿ ಹರಿದಾಡಿದವು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದನ್ನು ಬಳಸಬಾರದೆಂದು ಕೇಂದ್ರ ಗೃಹ ಸಚಿವಾಲಯ ಸೂಚನೆ ಕೊಡಬೇಕಾಯಿತು. ತಮ್ಮದೇ ಸರ್ಕಾರ ಹೇಳದ ಗೆಲುವನ್ನು ವಾಹಿನಿ ಹೇಳುತ್ತಿದ್ದರೆ ತಕ್ಷಣ ಅನುಮಾನಿಸಬೇಕು. ಗೆದ್ದವರು ಗೆಲುವನ್ನು ಮುಚ್ಚಿಡುವುದು ಬಹಳ ಅಪರೂಪ.

ಇನ್ನೊಂದು ಪರೀಕ್ಷೆ ವರದಿಗಾರ ಎಲ್ಲಿ ನಿಂತಿದ್ದಾನೆ ಎಂಬುದು. ಗಡಿಯಲ್ಲಾಗಲಿ ವಿದೇಶದಲ್ಲಾಗಲಿ ಸ್ವಂತ ವರದಿಗಾರರನ್ನಿಡುವ ಕನ್ನಡ ವಾಹಿನಿಗಳು ಅಪರೂಪ. ಸ್ಟುಡಿಯೊದಲ್ಲಿ ನಕ್ಷೆ ಹಿಡಿದು ನಿಂತವರಿಗೆ ಗೊತ್ತಿರುವುದು ನಮಗೆ ಗೊತ್ತಿರುವಷ್ಟೇ. ಹತ್ತು ವಾಹಿನಿಗಳು ಒಂದೇ ಸುದ್ದಿ ಹೇಳಿದಾಗ ಹತ್ತು ಸಾಕ್ಷಿಗಳು ಸಿಕ್ಕಂತಾಗುವುದಿಲ್ಲ, ಅವೆಲ್ಲವೂ ಒಂದೇ ಜಾಲತಾಣದ ಬರಹವನ್ನು ನಂಬಿರಬಹುದು. ‘ಮೂಲಗಳ ಪ್ರಕಾರ’ ಎಂದಷ್ಟೇ ಇರುವ ಸುದ್ದಿಗೆ, ಹೆಸರು ಮತ್ತು ಹುದ್ದೆ ಹೇಳಿ ಮಾತನಾಡಿದವರ ಮಾತಿನ ಕಾಲು ಭಾಗದಷ್ಟೂ ತೂಕ ಕೊಡಬೇಕಾಗಿಲ್ಲ. ಈ ವಾಹಿನಿಗಳಿಂದ ಒಂದು ನಿಜವಾದ ಉಪಯೋಗವಿದೆ: ಪತ್ರಿಕಾಗೋಷ್ಠಿಗಳ ಪೂರ್ಣ ನೇರಪ್ರಸಾರ. ಅದನ್ನು ಕೊನೆಯವರೆಗೆ ಕೇಳಿ, ನಂತರದ ಚರ್ಚೆಯನ್ನು ಬಿಟ್ಟುಬಿಡಬಹುದು.

ಸುದ್ದಿಸಂಸ್ಥೆ, ಸತ್ಯಪರಿಶೀಲನೆ, ಉಪಗ್ರಹ ಚಿತ್ರ

ಪಿಟಿಐ, ರಾಯಿಟರ್ಸ್, ಎಪಿ, ಎಎಫ್‌ಪಿ ಸಂಸ್ಥೆಗಳ ವರದಿ ನೀರಸವಾಗಿ ಕಾಣುತ್ತದೆ, ಅದೇ ಅದರ ಗುಣ. ಯಾರು ಹೇಳಿದರು, ತಾವು ಸ್ವತಂತ್ರವಾಗಿ ಖಚಿತಪಡಿಸಿಕೊಂಡೆವೋ ಇಲ್ಲವೋ ಎಂಬುದು ಅವುಗಳಲ್ಲಿ ಇರುತ್ತದೆ. ನಮ್ಮ ದಿನಪತ್ರಿಕೆಗಳ ವಿದೇಶ ಪುಟಕ್ಕೆ ಬರುವಾಗ ಜಾಗದ ಕೊರತೆಯಿಂದ ಕತ್ತರಿಗೆ ಮೊದಲು ಸಿಗುವುದೂ ಆ ವಾಕ್ಯವೇ. ಅನುಮಾನ ಬಂದಾಗ ಸುದ್ದಿಸಂಸ್ಥೆಯ ಮೂಲ ವರದಿಯನ್ನು ಹುಡುಕಿ ಓದುವುದು ಒಳ್ಳೆಯದು.

ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಗಳ ಕಚೇರಿಯಾದ ಪಿಐಬಿಯ ಸತ್ಯಪರಿಶೀಲನಾ ಘಟಕ ಸರ್ಕಾರದ್ದು. ಶತ್ರುದೇಶದಿಂದ ಬರುವ ನಕಲಿ ವಿಡಿಯೊಗಳನ್ನು ಅದು ಬೇಗ ಗುರುತಿಸುತ್ತದೆ, ಸರ್ಕಾರದ ಮಾತನ್ನೇ ಅದು ಪರೀಕ್ಷಿಸುತ್ತದೆಂದು ನಿರೀಕ್ಷಿಸಬಾರದು. ಆಲ್ಟ್ ನ್ಯೂಸ್, ಬೂಮ್‌ಗಳಂಥ ಖಾಸಗಿ ಸಂಸ್ಥೆಗಳು ತಮ್ಮ ತೀರ್ಮಾನಕ್ಕೆ ಬಂದ ದಾರಿಯನ್ನೂ ತೋರಿಸುವುದರಿಂದ ಓದುಗರೇ ಆ ದಾರಿಯಲ್ಲಿ ಮತ್ತೊಮ್ಮೆ ನಡೆದು ನೋಡಬಹುದು.

ಉಪಗ್ರಹ ಚಿತ್ರ ಮತ್ತು ಮುಕ್ತ ಮೂಲಗಳ ಶೋಧ (ಎಲ್ಲರಿಗೂ ಸಿಗುವ ಫೋಟೊ, ವಿಡಿಯೊ, ದಾಖಲೆಗಳನ್ನು ಜೋಡಿಸಿ ನಡೆಸುವ ಪರಿಶೀಲನೆ) ನಿಧಾನವಾಗಿ ಬರುತ್ತವೆ, ಆದರೆ ಗಟ್ಟಿಯಾಗಿರುತ್ತವೆ. 2022ರಲ್ಲಿ ಉಕ್ರೇನಿನ ಬುಚಾ ಪಟ್ಟಣದ ಬೀದಿಯಲ್ಲಿ ಕಂಡ ಶವಗಳು ತನ್ನ ಪಡೆ ಹಿಂದೆ ಸರಿದ ನಂತರ ಮಾಡಿದ ನಾಟಕವೆಂದು ರಷ್ಯಾ ಹೇಳಿತ್ತು. ರಷ್ಯಾದ ಪಡೆಗಳು ಅಲ್ಲಿದ್ದ ಮಾರ್ಚ್ ತಿಂಗಳ ಮಧ್ಯದಲ್ಲಿಯೇ ಶವಗಳು ಅಲ್ಲಿ ಬಿದ್ದಿದ್ದುದನ್ನು ಮ್ಯಾಕ್ಸರ್ ಕಂಪನಿಯ ಉಪಗ್ರಹ ಚಿತ್ರಗಳು ತೋರಿಸಿದವು. 2014ರ ಜುಲೈ 17ರಂದು 298 ಜನರೊಂದಿಗೆ ಉಕ್ರೇನಿನ ಮೇಲೆ ಪತನಗೊಂಡ ಮಲೇಷ್ಯಾದ ಎಂಎಚ್17 ವಿಮಾನದ ವಿಷಯದಲ್ಲಿ, ಅದನ್ನು ಹೊಡೆದುರುಳಿಸಿದ ‘ಬುಕ್’ ಎಂಬ ಹೆಸರಿನ ಕ್ಷಿಪಣಿಯ ವಾಹನ ಸಾಗಿದ ಹಾದಿಯನ್ನು ಮುಕ್ತ ಮೂಲಗಳ ಶೋಧ ನಡೆಸುವ ಬೆಲ್ಲಿಂಗ್‌ಕ್ಯಾಟ್ ತಂಡ ಸಾಮಾನ್ಯ ಜನ ತೆಗೆದ ಫೋಟೊಗಳಿಂದ ಜೋಡಿಸಿತು. ನೆದರ್ಲೆಂಡ್ಸ್ ನ್ಯಾಯಾಲಯ ಮೂವರನ್ನು ಅಪರಾಧಿಗಳೆಂದು ತೀರ್ಮಾನಿಸಿದ್ದು 2022ರ ನವೆಂಬರ್ 17ರಂದು, ಎಂಟು ವರ್ಷಗಳ ನಂತರ.

ಯಾರಿಗೆ ಯಾವುದು

ಸಪ್ತಾಪುರದ ಅಭ್ಯರ್ಥಿಗಳಿಗೆ ವೇಗ ಬೇಕಾಗಿಲ್ಲ. ಒಂದು ದಿನ ತಡವಾದರೂ ನಷ್ಟವಿಲ್ಲದ್ದರಿಂದ ಪಿಐಬಿ ಪ್ರಕಟಣೆ, ಒಲವು ಬೇರೆಯಾಗಿರುವ ಎರಡು ದಿನಪತ್ರಿಕೆಗಳು, ಒಂದು ಸುದ್ದಿಸಂಸ್ಥೆ ಇಷ್ಟನ್ನು ಮರುದಿನ ಬೆಳಿಗ್ಗೆ ಓದಿದರೆ ಸಾಕು. ಟಿಪ್ಪಣಿ ಬರೆಯುವಾಗ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಹೇಳಿದವರು ಯಾರೆಂದು ಬರೆದುಕೊಳ್ಳಬೇಕು. ನಾಲ್ಕು ತಿಂಗಳ ನಂತರ ಅದೇ ಸಂಖ್ಯೆ ಬದಲಾದಾಗ ಯಾವ ಮೂಲ ಎಷ್ಟು ನಿಂತಿತು ಎಂಬುದು ಸ್ವಂತ ಕೈಬರಹದಲ್ಲಿಯೇ ಸಿಗುತ್ತದೆ.

ವಿದೇಶದಲ್ಲಿ ಮಕ್ಕಳಿರುವವರು ರಾಯಭಾರ ಕಚೇರಿಯ ಸೂಚನೆಯನ್ನು ಎಲ್ಲಕ್ಕಿಂತ ಮೊದಲು ಇಡಬೇಕು. 2022ರ ಮಾರ್ಚ್ 2ರಂದು, ಸಂಜೆ ಆರರೊಳಗೆ ಖಾರ್ಕಿವ್ ಬಿಟ್ಟು ಹತ್ತಿರದ ಮೂರು ಊರುಗಳಿಗೆ ಹೋಗಬೇಕೆಂದು ನಮ್ಮ ರಾಯಭಾರ ಕಚೇರಿ ಸೂಚಿಸಿತ್ತು. ಅಂಥ ಘಳಿಗೆಯಲ್ಲಿ ಹಳೆಯ ವಿಡಿಯೊ ನೋಡಿ ‘ಎಲ್ಲೂ ಹೋಗಬೇಡ, ಅಲ್ಲೇ ಇರು’ ಎಂದು ಮನೆಯವರು ಫೋನಿನಲ್ಲಿ ಹೇಳಿದರೆ ಅದು ಜೀವಕ್ಕೆ ಎರವಾಗಬಹುದು.

ಯೋಧರ ಕುಟುಂಬಗಳ ವಿಷಯದಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯದೆ ಇರಲಾಗದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾದಾಗ ಬದುಕಿರುವ ಸಾಧ್ಯತೆ ಅತಿ ಕಡಿಮೆ ಎಂದು ಸೇನೆ ತಿಳಿಸಿತ್ತು, ದೇಶ ಸಂತಾಪವನ್ನೂ ಸೂಚಿಸಿತ್ತು. ಆರು ದಿನ ಹಿಮದಡಿಯಲ್ಲಿದ್ದ ಅವರು ಜೀವಂತವಾಗಿ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪಕ್ಷಪಾತವೇ ಇಲ್ಲದ ಕಡೆಯಲ್ಲೂ ಮೊದಲ ಸುದ್ದಿ ಹೀಗೆ ತಪ್ಪಬಹುದಾದರೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಹುತಾತ್ಮರ ಪಟ್ಟಿಗೆ ಬೆಲೆಯೇ ಇಲ್ಲ. ಮನೆಯವರು ಘಟಕದಿಂದ ಬರುವ ಕರೆಯನ್ನು ಕಾಯಬೇಕು, ತೀರಾ ಆತಂಕವಾದರೆ ಧಾರವಾಡದಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಊರಿನವರು ಯೋಧನ ಹೆಸರು, ಫೋಟೊ, ಘಟಕ ಇರುವ ಸಂದೇಶವನ್ನು, ಅದು ನಿಜವೆಂದು ಅನ್ನಿಸಿದರೂ, ಆ ಕರೆ ಮನೆಗೆ ಬರುವವರೆಗೆ ಮುಂದಕ್ಕೆ ಕಳಿಸಬಾರದು.